ಪಾಠ ಹೇಳುವ ಕೈ, ಸಹಿ ಹಾಕುವ ಕೈ

ಕಾನೂನು ಕಾಲೇಜಿನ ಪ್ರಾಧ್ಯಾಪಕರೊಬ್ಬರು ಲೇಖನ ಬರೆದರೆ ಏನಾಗುತ್ತದೆ? ಹೆಚ್ಚೆಂದರೆ ಇನ್ನೊಬ್ಬ ಪ್ರಾಧ್ಯಾಪಕರು ಅದನ್ನು ಖಂಡಿಸಿ ಮತ್ತೊಂದು ಲೇಖನ ಬರೆಯುತ್ತಾರೆ. ವಿದ್ಯಾರ್ಥಿಗಳು ಎರಡನ್ನೂ ಓದಿ ಪರೀಕ್ಷೆ ಬರೆಯುತ್ತಾರೆ. ತಪ್ಪಿದ್ದರೆ ತಿದ್ದಿಕೊಳ್ಳಲು ಕಾಲಾವಕಾಶವಿದೆ. ಯಾರ ಮೈಮೇಲೂ ಗಾಯವಾಗುವುದಿಲ್ಲ. ಅದೇ ಪ್ರಾಧ್ಯಾಪಕರು ಕಾಲೇಜಿಗೆ ರಜೆ ಹಾಕಿ, ಸರ್ಕಾರದ ಕಚೇರಿಯಲ್ಲಿ ಕುಳಿತು, ಅದೇ ಮಾತನ್ನು ಗೋಪ್ಯವೆಂಬ ಮುದ್ರೆಯಿರುವ ಕಾಗದದ ಮೇಲೆ ಬರೆದು ಸಹಿ ಹಾಕಿದರೆ? ಆಗ ಅದು ವಾದವಾಗಿ ಉಳಿಯುವುದಿಲ್ಲ, ಅನುಮತಿಪತ್ರವಾಗುತ್ತದೆ. ಅದನ್ನು ನಂಬಿ ಎಲ್ಲೋ ದೂರದ ಸೆರೆಮನೆಯಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ನೀರು ಸುರಿಯುತ್ತಾರೆ.

ಅಮೆರಿಕದಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಕಲಿಸುವವರ ವೃತ್ತಿಜೀವನದ ವಿಶೇಷವೂ ಸಂಕಟವೂ ಇಲ್ಲಿಯೇ ಇದೆ. ಈ ವಿಷಯದ ಪ್ರಾಧ್ಯಾಪಕರಲ್ಲಿ ಹಲವರು ತರಗತಿಗೂ ವಾಷಿಂಗ್ಟನ್ನಿನ ಕಚೇರಿಗಳಿಗೂ ಹೋಗಿ ಬರುತ್ತಿರುತ್ತಾರೆ. ಆ ದಾರಿಯಲ್ಲಿ ಏನು ಕೈಗೆ ಬರುತ್ತದೆ, ಏನು ಕೈಬಿಟ್ಟುಹೋಗುತ್ತದೆ ಎಂಬುದಕ್ಕೆ ಜ್ಯಾಕ್ ಗೋಲ್ಡ್‌ಸ್ಮಿತ್ ಎಂಬ ಪ್ರಾಧ್ಯಾಪಕರ ಕಥೆ ಒಳ್ಳೆಯ ನಿದರ್ಶನ.

ಉಕ್ಕಿನ ಕಾರ್ಖಾನೆಯ ಪಾಠ

ರಾಷ್ಟ್ರೀಯ ಭದ್ರತಾ ಕಾನೂನು ಎಂಬ ಹೆಸರು ಹೊಸದು. ಅದರೊಳಗಿನ ಪ್ರಶ್ನೆ ಮಾತ್ರ ಅಮೆರಿಕದ ಸಂವಿಧಾನದಷ್ಟೇ ಹಳೆಯದು. ಯುದ್ಧ ಘೋಷಿಸುವ ಅಧಿಕಾರವನ್ನು ಸಂವಿಧಾನ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟಿದೆ. ಸೇನೆಯ ಮಹಾದಂಡನಾಯಕನ ಪಟ್ಟವನ್ನು ಅಧ್ಯಕ್ಷರಿಗೆ ಕೊಟ್ಟಿದೆ. ಆಪತ್ತು ಬಂದಾಗ ಯಾರ ಮಾತು ನಡೆಯಬೇಕು?

ಈ ಪ್ರಶ್ನೆಗೆ ಇಂದಿಗೂ ಎಲ್ಲರೂ ಹಿಡಿಯುವ ಅಳತೆಗೋಲು 1952ರ ಉಕ್ಕಿನ ಕಾರ್ಖಾನೆಗಳ ಮೊಕದ್ದಮೆ. ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಅಣಿಯಾಗಿದ್ದರು. ಉಕ್ಕು ನಿಂತರೆ ಯುದ್ಧವೇ ನಿಲ್ಲುತ್ತದೆ ಎಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆಜ್ಞೆ ಹೊರಡಿಸಿದರು. ಕಾಂಗ್ರೆಸ್ ಅಂಥ ಅಧಿಕಾರವನ್ನು ಅವರಿಗೆ ಕೊಟ್ಟಿರಲಿಲ್ಲ. ಸುಪ್ರೀಂ ಕೋರ್ಟು ಆ ಆಜ್ಞೆಯನ್ನು 6-3ರ ಬಹುಮತದಿಂದ ರದ್ದುಪಡಿಸಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ಪ್ರತ್ಯೇಕವಾಗಿ ಬರೆದ ಅಭಿಪ್ರಾಯವೇ ಮುಂದೆ ಹೆಚ್ಚು ಹೆಸರಾಯಿತು. ಅವರು ಅಧ್ಯಕ್ಷರ ಅಧಿಕಾರಕ್ಕೆ ಮೂರು ಮೆಟ್ಟಿಲುಗಳನ್ನು ಕಟ್ಟಿಕೊಟ್ಟರು. ಕಾಂಗ್ರೆಸ್ಸಿನ ಒಪ್ಪಿಗೆಯಿದ್ದಾಗ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದಿದ್ದಾಗ ಅದು ಮಬ್ಬು ಬೆಳಕಿನ ಜಾಗ. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿ ನಡೆದಾಗ ಆ ಬಲ ತಳ ಕಾಣುತ್ತದೆ. ಜ್ಯಾಕ್ಸನ್ ಬರಿಯ ನ್ಯಾಯಾಧೀಶರಾಗಿರಲಿಲ್ಲ. ಹಿಂದೆ ಸ್ವತಃ ಅಟಾರ್ನಿ ಜನರಲ್ ಆಗಿದ್ದವರು, ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿರುದ್ಧ ವಾದಿಸಿದ್ದವರು. ಅಧ್ಯಕ್ಷರಿಗೆ ಸಲಹೆ ಕೊಡುವ ಕುರ್ಚಿಯ ಬಿಸಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಸಂವಿಧಾನದ ಪಾಠದಲ್ಲಿ ತಪ್ಪದೆ ಓದುವ ಮೊಕದ್ದಮೆಗಳಲ್ಲಿ ಇದೊಂದು. ಮುಂದಿನ ಕಥೆಗೆ ಇದನ್ನು ನೆನಪಿನಲ್ಲಿಡಬೇಕು.

ವಿಯೆಟ್ನಾಂ ಯುದ್ಧ ಮತ್ತು ವಾಟರ್‌ಗೇಟ್ ಹಗರಣದ ನಂತರ ಕಾಂಗ್ರೆಸ್ ಬೇಲಿಗಳನ್ನು ಹಾಕತೊಡಗಿತು. 1973ರಲ್ಲಿ ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಮಿತಿ ಹಾಕುವ ನಿರ್ಣಯ ಬಂತು. ಗುಪ್ತಚರ ಸಂಸ್ಥೆಗಳು ಸ್ವದೇಶದ ನಾಗರಿಕರ ಮೇಲೂ ಕಣ್ಣಿಟ್ಟಿದ್ದವು ಎಂಬುದನ್ನು 1975-76ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಬಯಲಿಗೆಳೆಯಿತು. ಅದರ ಫಲವಾಗಿ 1978ರಲ್ಲಿ ವಿದೇಶಿ ಗುಪ್ತಚರ ನಿಗಾ ಕಾಯಿದೆ ಜಾರಿಯಾಗಿ, ಇಂಥ ಕದ್ದಾಲಿಕೆಗೆ ವಿಶೇಷ ನ್ಯಾಯಾಲಯದ ಅನುಮತಿ ಬೇಕೆಂದಾಯಿತು. ಕಾಯಿದೆಗಳು ಹೆಚ್ಚಿದಂತೆ ಅವನ್ನು ಬೋಧಿಸುವವರೂ ಬೇಕಾದರು. 1981ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಕೇಂದ್ರವೊಂದು ಆರಂಭವಾಯಿತು. 1990ರಲ್ಲಿ ನಾಲ್ವರು ಪ್ರಾಧ್ಯಾಪಕರು ಸೇರಿ ‘ರಾಷ್ಟ್ರೀಯ ಭದ್ರತಾ ಕಾನೂನು’ ಎಂಬ ಹೆಸರಿನಲ್ಲಿಯೇ ಪಠ್ಯಪುಸ್ತಕ ಹೊರತಂದರು. ಆದರೂ ಅದು ಕೆಲವೇ ಆಸಕ್ತರ ವಿಷಯವಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಚಿತ್ರ ಬದಲಾಯಿತು.

ಯಾರೂ ಪ್ರಶ್ನಿಸದ ಅಭಿಪ್ರಾಯ

ಅಮೆರಿಕದ ನ್ಯಾಯ ಇಲಾಖೆಯಲ್ಲಿ ‘ಆಫೀಸ್ ಆಫ್ ಲೀಗಲ್ ಕೌನ್ಸೆಲ್’ ಎಂಬ ಚಿಕ್ಕ ಕಚೇರಿಯೊಂದಿದೆ. ಅಲ್ಲಿರುವ ವಕೀಲರು ಸುಮಾರು ಎರಡು ಡಜನ್ ಮಾತ್ರ. ಸರ್ಕಾರ ಕೈಗೊಳ್ಳಲಿರುವ ಕ್ರಮ ಕಾನೂನಿಗೆ ಒಪ್ಪುತ್ತದೆಯೇ ಎಂದು ಅಭಿಪ್ರಾಯ ಕೊಡುವುದು ಇವರ ಕೆಲಸ. ಆ ಅಭಿಪ್ರಾಯಕ್ಕೆ ಸರ್ಕಾರದ ಇತರ ಇಲಾಖೆಗಳು ಬದ್ಧವಾಗಿರಬೇಕೆಂಬುದು ವಾಡಿಕೆ. ಸುಪ್ರೀಂ ಕೋರ್ಟಿನಲ್ಲಿ ಮುಂದೆ ಹೆಸರು ಮಾಡಿದ ವಿಲಿಯಂ ರೆನ್‌ಕ್ವಿಸ್ಟ್ ಮತ್ತು ಆಂಟೊನಿನ್ ಸ್ಕಾಲಿಯಾ ಇಬ್ಬರೂ ಹಿಂದೆ ಈ ಕಚೇರಿಯ ಮುಖ್ಯಸ್ಥರಾಗಿದ್ದವರು.

ಮೇಲ್ನೋಟಕ್ಕೆ ಇದು ಸಲಹೆಗಾರರ ಕಚೇರಿ. ಆದರೆ ಭದ್ರತೆಯ ವಿಷಯದಲ್ಲಿ ಪ್ರಶ್ನೆಯೂ ಗುಟ್ಟು, ಉತ್ತರವೂ ಗುಟ್ಟು. ಪ್ರತಿವಾದಿಯ ವಕೀಲರಿಲ್ಲ, ಎದುರಿಗೆ ನ್ಯಾಯಾಧೀಶರಿಲ್ಲ, ಪತ್ರಕರ್ತರಂತೂ ಇಲ್ಲವೇ ಇಲ್ಲ. ಈ ಕಚೇರಿಯ ಮಾತು ನಂಬಿ ನಡೆದುಕೊಂಡ ಅಧಿಕಾರಿಯನ್ನು ಮುಂದೆ ಶಿಕ್ಷಿಸುವುದೂ ಕಷ್ಟ. ಹೀಗಾಗಿ ಈ ಅಭಿಪ್ರಾಯ ಸಲಹೆಯಷ್ಟೇ ಅಲ್ಲ, ರಕ್ಷಾಕವಚವೂ ಹೌದು.

2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕಾನೂನು ಶಾಲೆಯ ಪ್ರಾಧ್ಯಾಪಕ ಜಾನ್ ಯೂ ಈ ಕಚೇರಿಗೆ ಬಂದರು. ಯುದ್ಧದ ವಿಷಯದಲ್ಲಿ ಅಧ್ಯಕ್ಷರ ಅಧಿಕಾರ ಬಹಳ ವಿಸ್ತಾರವಾದದ್ದು ಎಂದು ಅವರು ಅದಕ್ಕೂ ಮೊದಲೇ ವಿದ್ವತ್ ಪತ್ರಿಕೆಗಳಲ್ಲಿ ವಾದಿಸಿದ್ದರು. ಒಪ್ಪದವರು ಉತ್ತರ ಬರೆದಿದ್ದರು. ವಿದ್ವತ್ ಲೋಕದಲ್ಲಿ ಅದು ಮಾಮೂಲು.

2002ರ ಆಗಸ್ಟ್ 1ರಂದು ಕಚೇರಿಯ ಮುಖ್ಯಸ್ಥ ಜೇ ಬೈಬಿ ಸಹಿ ಹಾಕಿದ ಟಿಪ್ಪಣಿಯೊಂದು ಹೊರಟಿತು. ಅದರ ಕರಡನ್ನು ಬಹುಪಾಲು ಸಿದ್ಧಪಡಿಸಿದವರು ಯೂ. ಕೈದಿಗೆ ಕೊಡುವ ಯಾವ ನೋವನ್ನು ‘ಚಿತ್ರಹಿಂಸೆ’ ಎನ್ನಬೇಕು ಎಂಬುದು ಅಲ್ಲಿನ ಪ್ರಶ್ನೆ. ಅಂಗಾಂಗ ವೈಫಲ್ಯ ಅಥವಾ ಸಾವಿನಂಥ ಗಂಭೀರ ಹಾನಿಯ ಜೊತೆ ಬರುವ ನೋವಿಗೆ ಸಮನಾಗಿದ್ದರೆ ಮಾತ್ರ ಅದು ಚಿತ್ರಹಿಂಸೆ ಎಂಬುದು ಉತ್ತರ. ಈ ವಾಕ್ಯದ ಮೂಲ ಎಲ್ಲಿಯದು? ತುರ್ತು ಚಿಕಿತ್ಸೆಯ ಸೌಲಭ್ಯ ಯಾರಿಗೆ ಸಿಗಬೇಕು ಎಂದು ನಿಗದಿಪಡಿಸುವ ಆರೋಗ್ಯ ಕಾಯಿದೆಯದು! ರೋಗಿಯನ್ನು ಉಳಿಸಲು ಬರೆದ ಮಾತು ಕೈದಿಯನ್ನು ನೋಯಿಸುವ ಅಳತೆಯಾಯಿತು. ಯುದ್ಧಕಾಲದ ವಿಚಾರಣೆಯಲ್ಲಿ ಅಧ್ಯಕ್ಷರ ಕೈ ಕಟ್ಟುವ ಶಕ್ತಿ ಕಾಂಗ್ರೆಸ್ಸಿಗಿಲ್ಲ ಎಂದೂ ಟಿಪ್ಪಣಿ ಹೇಳಿತು. ಹಾಗೆ ಹೇಳುವಾಗ 1952ರ ಉಕ್ಕಿನ ಮೊಕದ್ದಮೆಯ ಹೆಸರನ್ನೇ ಎತ್ತಲಿಲ್ಲ.

ವಿದ್ಯಾರ್ಥಿಯೊಬ್ಬ ಇಂಥ ಉತ್ತರ ಬರೆದಿದ್ದರೆ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ಇಲ್ಲಿ ಹಾಗೆ ಹಾಕುವವರು ಯಾರೂ ಇರಲಿಲ್ಲ. ಅದೇ ದಿನ ಹೊರಟ ಇನ್ನೊಂದು ಗೋಪ್ಯ ಟಿಪ್ಪಣಿ ಅಬು ಜುಬೈದಾ ಎಂಬ ಕೈದಿಯ ಮೇಲೆ ಪ್ರಯೋಗಿಸಬಹುದಾದ ವಿಧಾನಗಳಿಗೆ ಒಪ್ಪಿಗೆ ಕೊಟ್ಟಿತು. ಮುಖಕ್ಕೆ ಬಟ್ಟೆ ಮುಚ್ಚಿ ನೀರು ಸುರಿದು, ಮುಳುಗಿ ಸಾಯುತ್ತಿರುವ ಅನುಭವ ಉಂಟುಮಾಡುವ ‘ವಾಟರ್‌ಬೋರ್ಡಿಂಗ್’ ಅವುಗಳಲ್ಲಿ ಒಂದು. ಆ ತಿಂಗಳಲ್ಲಿ ಅವನ ಮೇಲೆ ಅದನ್ನು 83 ಸಲ ಪ್ರಯೋಗಿಸಲಾಯಿತೆಂದು ಸರ್ಕಾರದ ದಾಖಲೆಗಳೇ ಮುಂದೆ ಹೇಳಿದವು.

ಹಾರ್ವರ್ಡ್‌ಗೆ ಹೋಗುವ ಮುನ್ನ

ಇಂಥ ಕಚೇರಿಗೆ 2003ರ ಅಕ್ಟೋಬರಿನಲ್ಲಿ ಮುಖ್ಯಸ್ಥರಾಗಿ ಬಂದವರು ಜ್ಯಾಕ್ ಗೋಲ್ಡ್‌ಸ್ಮಿತ್.

ಅವರು ಯೂ ಅವರ ಎದುರಾಳಿಯಾಗಿ ಬಂದವರಲ್ಲ. ಇಬ್ಬರೂ ಸ್ನೇಹಿತರು, ಇಬ್ಬರೂ ಸಂಪ್ರದಾಯವಾದಿ ವಿದ್ವಾಂಸರೆಂದು ಹೆಸರಾದವರು. ಗೋಲ್ಡ್‌ಸ್ಮಿತ್ ಯೇಲ್‌ನಲ್ಲಿ ಕಾನೂನು ಓದಿ, ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಆಂಟನಿ ಕೆನಡಿ ಅವರ ಬಳಿ ಕೆಲಸ ಮಾಡಿ, ವರ್ಜೀನಿಯಾ ಮತ್ತು ಶಿಕಾಗೋ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದವರು. ಅಂತರರಾಷ್ಟ್ರೀಯ ರೂಢಿಗತ ಕಾನೂನು ಅಮೆರಿಕದ ನ್ಯಾಯಾಲಯಗಳನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ ಎಂದು 1997ರಲ್ಲಿ ಕರ್ಟಿಸ್ ಬ್ರ್ಯಾಡ್ಲಿ ಅವರೊಡನೆ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತ್ತು. 2002ರಲ್ಲಿ ಪೆಂಟಗನ್ನಿನ ಕಾನೂನು ವಿಭಾಗ ಸೇರಿ, ಅಲ್ಲಿಂದ ಈ ಕುರ್ಚಿಗೆ ಬಂದಿದ್ದರು.

ಅವರ ಬಾಲ್ಯದ ಕಥೆ ಇನ್ನೂ ವಿಚಿತ್ರ. ಮಲತಂದೆ ಚಕ್ಕಿ ಓಬ್ರಿಯನ್, ಲಾರಿ ಕಾರ್ಮಿಕರ ಪ್ರಬಲ ನಾಯಕ ಜಿಮ್ಮಿ ಹಾಫಾನ ಬಲಗೈ ಬಂಟ. 1975ರ ಜುಲೈ 30ರಂದು ಹಾಫಾ ಕಾಣೆಯಾದಾಗ ಎಫ್‌ಬಿಐ ಸಂಶಯ ಓಬ್ರಿಯನ್ ಮೇಲೆ ಬಿತ್ತು. ಆಗ ಗೋಲ್ಡ್‌ಸ್ಮಿತ್‌ಗೆ 12 ವರ್ಷ. ಓಬ್ರಿಯನ್ ಮೇಲೆ ಆ ಆರೋಪ ನ್ಯಾಯಾಲಯ ಮುಟ್ಟಲೇ ಇಲ್ಲ, ಸಂಶಯವೂ ಅಳಿಯಲಿಲ್ಲ. ಕಾನೂನು ವೃತ್ತಿಗೆ ಕಾಲಿಟ್ಟ ಮಗ ಮಲತಂದೆಯಿಂದ ದೂರವಾದರು. ಈ ಓಬ್ರಿಯನ್ ಹೆಸರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದೂ ಇದೆ. ಎಫ್‌ಬಿಐ ಗುಟ್ಟಾಗಿ ಮೈಕ್ ಇಟ್ಟು ಅವರ ಮಾತುಕತೆ ಕದ್ದು ಕೇಳಿತ್ತೆಂಬ ಸಂಗತಿ ಹೊರಬಿದ್ದುದರಿಂದ, ಬೇರೊಂದು ಪ್ರಕರಣದಲ್ಲಿ ಅವರಿಗಾಗಿದ್ದ ಶಿಕ್ಷೆಯ ತೀರ್ಪನ್ನು ಕೋರ್ಟು 1967ರಲ್ಲಿ ತಳ್ಳಿಹಾಕಿತ್ತು. ಅಂಥವರ ಮನೆಯಲ್ಲಿ ಬೆಳೆದ ಹುಡುಗನೇ ಮುಂದೆ ಇಡೀ ದೇಶದ ಕದ್ದಾಲಿಕೆಯ ಕಡತವನ್ನು ಪರಿಶೀಲಿಸಬೇಕಾಗಿ ಬಂತು.

ಕುರ್ಚಿಯಲ್ಲಿ ಕುಳಿತು ಹಳೆಯ ಟಿಪ್ಪಣಿಗಳನ್ನು ಓದಿದಾಗ ಗೋಲ್ಡ್‌ಸ್ಮಿತ್‌ಗೆ ದಿಗಿಲಾಯಿತು. ಗುರಿಯ ಬಗ್ಗೆ ಅವರಿಗೆ ತಕರಾರಿರಲಿಲ್ಲ. ತರ್ಕ ಜಾಳಾಗಿತ್ತು. ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅಧಿಕಾರವನ್ನು ಅಧ್ಯಕ್ಷರಿಗೆ ಬರೆದುಕೊಡಲಾಗಿತ್ತು. ವಿರುದ್ಧವಾದ ತೀರ್ಪುಗಳನ್ನು ಎದುರಿಸುವ ಬದಲು ಬದಿಗೆ ಸರಿಸಲಾಗಿತ್ತು. 2003ರ ಮಾರ್ಚಿನಲ್ಲಿ ಯೂ ಪೆಂಟಗನ್ನಿಗೆ ಬರೆದುಕೊಟ್ಟಿದ್ದ ಅಂಥದೇ ಟಿಪ್ಪಣಿಯನ್ನು ಇನ್ನು ನೆಚ್ಚಬೇಡಿ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತಿಳಿಸಿದರು. ಒಂದೇ ಅಧ್ಯಕ್ಷರ ಆಡಳಿತದಲ್ಲಿ ಈ ಕಚೇರಿ ತನ್ನ ಮಾತನ್ನು ತಾನೇ ಹಿಂತೆಗೆದುಕೊಳ್ಳುವುದು ತೀರ ಅಪರೂಪ.

ಮುಂದಿನದು ಕದ್ದಾಲಿಕೆಯ ಕಡತ. 2001ರ ಅಕ್ಟೋಬರಿನಿಂದ ನ್ಯಾಯಾಲಯದ ಅನುಮತಿಯಿಲ್ಲದೆ ನಡೆಯುತ್ತಿದ್ದ ಗೋಪ್ಯ ಕಾರ್ಯಕ್ರಮದ ಒಂದು ಭಾಗಕ್ಕೆ ಕಾನೂನಿನ ಆಧಾರವಿಲ್ಲ ಎಂದು ಗೋಲ್ಡ್‌ಸ್ಮಿತ್ ಮತ್ತು ಅವರ ಸಹೋದ್ಯೋಗಿ ಪ್ಯಾಟ್ರಿಕ್ ಫಿಲ್ಬಿನ್ ತೀರ್ಮಾನಿಸಿದರು. ಕಾರ್ಯಕ್ರಮದ ಅವಧಿ 2004ರ ಮಾರ್ಚ್ 11ಕ್ಕೆ ಮುಗಿಯುವುದಿತ್ತು. ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದರು. ಅವರ ಅಧಿಕಾರ ಉಪ ಅಟಾರ್ನಿ ಜನರಲ್ ಜೇಮ್ಸ್ ಕೋಮಿ ಅವರಿಗೆ ಬಂದಿತ್ತು. ಕೋಮಿ ಸಹಿ ಹಾಕಲು ಒಪ್ಪಲಿಲ್ಲ. ಮಾರ್ಚ್ 10ರ ಸಂಜೆ ಶ್ವೇತಭವನದ ಕಾನೂನು ಸಲಹೆಗಾರ ಆಲ್ಬರ್ಟೊ ಗೊನ್ಸಾಲೆಸ್ ಮತ್ತು ಸಿಬ್ಬಂದಿ ಮುಖ್ಯಸ್ಥ ಆಂಡ್ರೂ ಕಾರ್ಡ್ ರೋಗಿಯ ಸಹಿಗಾಗಿ ನೇರವಾಗಿ ಆಸ್ಪತ್ರೆಗೇ ಹೋದರು. ಸುದ್ದಿ ತಿಳಿದ ಕೋಮಿ, ಗೋಲ್ಡ್‌ಸ್ಮಿತ್, ಫಿಲ್ಬಿನ್ ಅವರಿಗಿಂತ ಮೊದಲೇ ಧಾವಿಸಿ ಮಂಚದ ಬಳಿ ನಿಂತರು. ಆಶ್‌ಕ್ರಾಫ್ಟ್ ದಿಂಬಿನಿಂದ ತಲೆಯೆತ್ತಿ ತಮ್ಮ ಆಕ್ಷೇಪವನ್ನು ವಿವರಿಸಿದರು. ಈಗ ಅಟಾರ್ನಿ ಜನರಲ್ ತಾವಲ್ಲ, ಕೋಮಿ ಎಂದರು. ಬಂದವರು ಬರಿಗೈಯಲ್ಲಿ ಮರಳಿದರು.

ಮರುದಿನ ಶ್ವೇತಭವನ ನ್ಯಾಯ ಇಲಾಖೆಯ ಸಹಿಯಿಲ್ಲದೆಯೇ ಕಾರ್ಯಕ್ರಮವನ್ನು ಮುಂದುವರಿಸಿತು. ಕೋಮಿ ಮತ್ತು ಎಫ್‌ಬಿಐ ನಿರ್ದೇಶಕ ರಾಬರ್ಟ್ ಮುಲ್ಲರ್ ರಾಜೀನಾಮೆಗೆ ಸಿದ್ಧರಾದರು. ಕೊನೆಗೆ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಕಾರ್ಯಕ್ರಮವನ್ನು ಬದಲಿಸಲು ಒಪ್ಪಿದರು. ಮುಂದಿನ ದಾಳಿ ನಡೆದರೆ ಸತ್ತವರ ರಕ್ತ ನಿಮ್ಮ ಕೈಗೇ ಅಂಟುತ್ತದೆ ಎಂಬ ಧಾಟಿಯ ಒತ್ತಡವನ್ನು ಉಪಾಧ್ಯಕ್ಷರ ಕಚೇರಿಯಿಂದ ಎದುರಿಸಿದ್ದಾಗಿ ಗೋಲ್ಡ್‌ಸ್ಮಿತ್ ಮುಂದೆ ಬರೆದುಕೊಂಡರು. ಈ ಮಾತನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕುವಂತಿಲ್ಲ. ದಾಳಿ ನಡೆಯುವುದೇ ಇಲ್ಲ ಎಂದು ಹೇಳುವ ಧೈರ್ಯ ಯಾರಿಗಿತ್ತು?

2004ರ ಏಪ್ರಿಲ್ ಕೊನೆಯಲ್ಲಿ ಇರಾಕಿನ ಅಬು ಘ್ರೈಬ್ ಸೆರೆಮನೆಯ ಚಿತ್ರಗಳು ಹೊರಬಂದವು. ಜೂನ್‌ನಲ್ಲಿ 2002ರ ಟಿಪ್ಪಣಿ ಪತ್ರಿಕೆಗಳಿಗೆ ಸೋರಿತು. ಗೋಲ್ಡ್‌ಸ್ಮಿತ್ ಅದನ್ನು ಹಿಂತೆಗೆದುಕೊಂಡರು. ಜೊತೆಗೇ ತಮ್ಮ ರಾಜೀನಾಮೆಯನ್ನೂ ಕೊಟ್ಟರು. ತೀರ್ಮಾನವನ್ನು ತಿರುಗಿಸಹೊರಟರೆ ರಾಜೀನಾಮೆ ಪ್ರತಿಭಟನೆಯಂತೆ ಕಾಣುತ್ತದೆ, ಹಾಗಾಗಿ ಸರ್ಕಾರ ಮುಟ್ಟಲಾರದು ಎಂಬುದು ಅವರ ಲೆಕ್ಕಾಚಾರ. ಒಟ್ಟು ಅವಧಿ ಒಂಬತ್ತು ತಿಂಗಳು.

ಹಿಂತಿರುಗಿದ ಮೇಲೆ

ಇದನ್ನು ಒಬ್ಬ ವೀರನ ಕಥೆಯಾಗಿ ಹೇಳಿಬಿಡುವುದು ಸುಲಭ. ಸತ್ಯ ಅಷ್ಟು ನೇರವಾಗಿಲ್ಲ. ವಿಚಾರಣೆಯ ವಿಧಾನಗಳೆಲ್ಲ ಕಾನೂನುಬಾಹಿರ ಎಂದು ಗೋಲ್ಡ್‌ಸ್ಮಿತ್ ಹೇಳಲಿಲ್ಲ. ಟಿಪ್ಪಣಿಯ ತರ್ಕ ನಿಲ್ಲುವುದಿಲ್ಲ ಎಂದರು. ಬದಲಾದ ಕದ್ದಾಲಿಕೆಗೆ 2004ರ ಮೇ ತಿಂಗಳಲ್ಲಿ ಹೊಸ ಕಾನೂನು ಆಧಾರ ಬರೆದುಕೊಟ್ಟವರೂ ಅವರೇ. ಅವರು ಹೋದ ಮೇಲೆ 2005ರಲ್ಲಿ ಅದೇ ಕಚೇರಿ ಹೊಸ ಟಿಪ್ಪಣಿಗಳ ಮೂಲಕ ಕಠಿಣ ವಿಧಾನಗಳಿಗೆ ಮತ್ತೆ ಒಪ್ಪಿಗೆ ನೀಡಿತು. ಅವಕ್ಕೆ ಪೂರ್ಣವಿರಾಮ ಬಿದ್ದದ್ದು 2009ರ ಜನವರಿ 22ರಂದು, ಅಧ್ಯಕ್ಷ ಬರಾಕ್ ಒಬಾಮ ಅವರ ಆದೇಶದಿಂದ.

2004ರಲ್ಲಿ ಗೋಲ್ಡ್‌ಸ್ಮಿತ್ ಹಾರ್ವರ್ಡ್ ಕಾನೂನು ಶಾಲೆಯ ಪ್ರಾಧ್ಯಾಪಕರಾದಾಗ ಅಲ್ಲಿನ ಕೆಲವು ಅಧ್ಯಾಪಕರೇ ಆಕ್ಷೇಪಿಸಿದರು. ಇರಾಕಿನಿಂದ ಕೈದಿಗಳನ್ನು ಹೊರಸಾಗಿಸುವ ಬಗ್ಗೆ ಅವರು ಬರೆದಿದ್ದ ಕರಡೊಂದು ಸೋರಿತ್ತು. ಅವರು ಏನನ್ನು ತಡೆದಿದ್ದರು ಎಂಬುದು ಹೊರಗಿನವರಿಗೆ ಗೊತ್ತಿರಲಿಲ್ಲ, ಅದನ್ನು ಹೇಳುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಮಾತೇ ಬಂಡವಾಳವಾದ ಪ್ರಾಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? 2007ರಲ್ಲಿ ಪುಸ್ತಕ ಪ್ರಕಟಿಸಿ, ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಮೇಲಷ್ಟೇ ಚಿತ್ರ ತಿಳಿಯಾಯಿತು.

ಯೂ 2003ರಲ್ಲಿ ಬರ್ಕ್ಲಿಗೆ ಮರಳಿದ್ದರು. ಅವರನ್ನು ಕೆಲಸದಿಂದ ತೆಗೆಯಬೇಕೆಂದು ಪ್ರತಿಭಟನೆಗಳಾದವು. ವಿದ್ವಾಂಸನ ಅಭಿಪ್ರಾಯಕ್ಕಾಗಿ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂದು ಶಾಲೆಯ ಡೀನ್ ವಾದಿಸಿದರು. ನ್ಯಾಯ ಇಲಾಖೆಯ ಆಂತರಿಕ ತನಿಖೆ ವೃತ್ತಿ ದುರ್ನಡತೆ ನಡೆದಿದೆ ಎಂದಿತು. 2010ರಲ್ಲಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಅದನ್ನು ಒಪ್ಪದೆ, ವಿವೇಚನೆ ಸಾಲದಾಗಿತ್ತು ಎಂಬಲ್ಲಿಗೆ ಮುಗಿಸಿದರು. ಯೂ ತಮ್ಮ ನಿಲುವನ್ನು ಸಮರ್ಥಿಸಿಕೊಂಡೇ ಬಂದರು. ಟಿಪ್ಪಣಿಗೆ ಸಹಿ ಹಾಕಿದ್ದ ಬೈಬಿ ಅದು ಬಯಲಾಗುವ ಮೊದಲೇ, 2003ರಲ್ಲಿ, ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು.

ಕುರ್ಚಿ ಬದಲಾದಾಗ

ಇದು ಒಂದೇ ಪಕ್ಷದ ರೋಗವೆಂದುಕೊಂಡರೆ ತಪ್ಪು. ಹಾರ್ವರ್ಡ್ ಪ್ರಾಧ್ಯಾಪಕ ಡೇವಿಡ್ ಬ್ಯಾರನ್ ಮತ್ತು ಮಾರ್ಟಿನ್ ಲೆಡರ್‌ಮನ್ 2008ರಲ್ಲಿ ಎರಡು ಕಂತುಗಳ ದೀರ್ಘ ಲೇಖನ ಬರೆದು, ಕಾಂಗ್ರೆಸ್ಸಿನ ಕಾಯಿದೆಯನ್ನು ಮೀರುವ ಅಧಿಕಾರ ಅಧ್ಯಕ್ಷರಿಗಿದೆ ಎಂಬ ವಾದವನ್ನು ಪ್ರಶ್ನಿಸಿದ್ದರು. ಅದರ ಶೀರ್ಷಿಕೆಯೇ ಜ್ಯಾಕ್ಸನ್ ಹೇಳಿದ ಕೊನೆಯ ಮೆಟ್ಟಿಲನ್ನು ನೆನಪಿಸುತ್ತಿತ್ತು. ಮರುವರ್ಷ ಬ್ಯಾರನ್ ಅದೇ ಕಚೇರಿಯ ಹಂಗಾಮಿ ಮುಖ್ಯಸ್ಥರಾದರು. 2010ರ ಜುಲೈ 16ರಂದು ಅವರು ಸಹಿ ಹಾಕಿದ ಗೋಪ್ಯ ಟಿಪ್ಪಣಿ, ಯೆಮೆನ್‌ನಲ್ಲಿ ಅಡಗಿದ್ದ ಅನ್ವರ್ ಅಲ್-ಅವ್ಲಾಕಿ ಎಂಬ ಅಮೆರಿಕದ ಪ್ರಜೆಯನ್ನು ವಿಚಾರಣೆಯಿಲ್ಲದೆ ಕೊಲ್ಲುವುದು ಕಾನೂನುಬದ್ಧ ಎಂದಿತು. 2011ರ ಸೆಪ್ಟೆಂಬರ್ 30ರಂದು ಡ್ರೋನ್ ದಾಳಿಯಲ್ಲಿ ಅವನು ಸತ್ತ. ಟಿಪ್ಪಣಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2014ರ ಜೂನ್‌ನಲ್ಲಿ, ಅದೂ ಮೇಲ್ಮನವಿ ನ್ಯಾಯಾಲಯದ ಆದೇಶದಿಂದ.

ಭಾರತೀಯ ದಂಪತಿಯ ಮಗ ನೀಲ್ ಕತ್ಯಾಲ್ ಅವರದು ಇನ್ನೊಂದು ದಾರಿ. ಜಾರ್ಜ್‌ಟೌನ್ ಪ್ರಾಧ್ಯಾಪಕರಾಗಿದ್ದ ಅವರು ಒಸಾಮ ಬಿನ್ ಲಾಡೆನ್‌ನ ಕಾರು ಚಾಲಕ ಸಲೀಂ ಹಮ್ದಾನ್ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, 2006ರ ಜೂನ್ 29ರಂದು 5-3ರಿಂದ ಗೆದ್ದರು. ಗ್ವಾಂಟನಾಮೋದ ಸೇನಾ ವಿಚಾರಣಾ ಮಂಡಳಿಗಳು ಕಾನೂನಿಗೆ ವಿರುದ್ಧವೆಂದಾಯಿತು. ಜ್ಯಾಕ್ಸನ್ನರ ಮೂರು ಮೆಟ್ಟಿಲುಗಳನ್ನು ಅಲ್ಲಿ ಮತ್ತೆ ನೆನಪಿಸಿದವರು ನ್ಯಾಯಮೂರ್ತಿ ಕೆನಡಿ. ಮುಂದೆ ಸರ್ಕಾರದ ವಕೀಲರಾದ ಕತ್ಯಾಲ್, ಅಫ್ಘಾನಿಸ್ತಾನದ ಬಾಗ್ರಾಂನ ಕೈದಿಗಳಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸುವ ಹಕ್ಕಿಲ್ಲ ಎಂದು 2010ರಲ್ಲಿ ವಾದಿಸಿದರು, ಆಗಲೂ ಗೆದ್ದರು. ವಕೀಲನು ಕಕ್ಷಿದಾರನ ಪರ ವಾದಿಸುವುದು ತಪ್ಪಲ್ಲ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಕತ್ಯಾಲ್ ಎರಡೂ ಸಲ ತೆರೆದ ನ್ಯಾಯಾಲಯದಲ್ಲಿ ನಿಂತಿದ್ದರು. ಎದುರಿಗೆ ಉತ್ತರ ಕೊಡುವವರಿದ್ದರು, ಮೇಲೆ ಕುಳಿತು ಪ್ರಶ್ನೆ ಕೇಳುವವರಿದ್ದರು.

ಹಾಗಾದರೆ ಪ್ರಾಧ್ಯಾಪಕರು ಸರ್ಕಾರದ ಹೊಸಿಲು ತುಳಿಯಲೇಬಾರದೆ? ಹಾಗೆನ್ನುವುದು ಅವಸರದ ಮಾತಾದೀತು. ಜಾಳು ಟಿಪ್ಪಣಿ ಬರೆದವರು ಪ್ರಾಧ್ಯಾಪಕರೇ, ಅದು ಜಾಳೆಂದು ಗುರುತಿಸಿದವರೂ ಪ್ರಾಧ್ಯಾಪಕರೇ. ಇಬ್ಬರ ರಾಜಕೀಯ ಒಲವಿನಲ್ಲಿ ದೊಡ್ಡ ಅಂತರವಿರಲಿಲ್ಲ. ತಮಗೆ ಒಗ್ಗದ ತೀರ್ಪನ್ನೂ ಎದುರಿಗಿಟ್ಟುಕೊಂಡು ಉತ್ತರ ಹುಡುಕುವ ಅಭ್ಯಾಸ ಒಬ್ಬರ ಜೊತೆ ಕಚೇರಿಯೊಳಗೂ ಬಂತು, ಇನ್ನೊಬ್ಬರ ಟಿಪ್ಪಣಿಯಲ್ಲಿ ಅದರ ಸುಳಿವು ಕಾಣಲಿಲ್ಲ. ತರಗತಿಯಲ್ಲಿ ಈ ಅಭ್ಯಾಸ ತಪ್ಪಿದರೆ ಅಂಕ ಹೋಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಪ್ಪಿದರೆ ಮನುಷ್ಯರೇ ಹೋಗುತ್ತಾರೆ.

2004ರ ಡಿಸೆಂಬರಿನಲ್ಲಿ ಈ ಕಚೇರಿಯ ಹಿಂದಿನ 19 ವಕೀಲರು ಸೇರಿ ಕೆಲವು ಸೂತ್ರಗಳನ್ನು ಪ್ರಕಟಿಸಿದ್ದರು. ಅಧ್ಯಕ್ಷರಿಗೆ ರುಚಿಸದಿದ್ದರೂ ಕಾನೂನು ಏನೆನ್ನುತ್ತದೋ ಅದನ್ನೇ ಹೇಳಬೇಕು, ಬಲವಾದ ಕಾರಣವಿಲ್ಲದಿದ್ದರೆ ಅಭಿಪ್ರಾಯಗಳನ್ನು ಸಕಾಲದಲ್ಲಿ ಪ್ರಕಟಿಸಬೇಕು ಎಂಬುದು ಅವುಗಳ ಸಾರ. ಈ ಸೂತ್ರಗಳಿಗೆ ಕಾಯಿದೆಯ ಬಲವಿಲ್ಲ. ಕುರ್ಚಿಯಲ್ಲಿ ಕುಳಿತವರ ಮನಸ್ಸಾಕ್ಷಿಯೇ ಅವುಗಳ ಬಲ.

ಒಮ್ಮೆ ಗುಟ್ಟಾಗಿದ್ದ ಆ ಟಿಪ್ಪಣಿಗಳನ್ನು ಇಂದು ಅಮೆರಿಕದ ಕಾನೂನು ತರಗತಿಗಳಲ್ಲಿ ಬಿಡಿಸಿ ಚರ್ಚಿಸುತ್ತಾರೆ. ಎಲ್ಲಿ ತರ್ಕ ತಪ್ಪಿತು, ಯಾವ ತೀರ್ಪು ಬಿಟ್ಟುಹೋಯಿತು ಎಂದು ವಿದ್ಯಾರ್ಥಿಗಳು ಹುಡುಕುತ್ತಾರೆ. ಅಲ್ಲಿ ಕುಳಿತವರಲ್ಲಿ ಒಬ್ಬಿಬ್ಬರು ನಾಳೆ ಅದೇ ಕಚೇರಿಯ ಮೇಜಿನ ಮುಂದೆ ಕೂರುವವರು. ಆಗ ಅವರ ಉತ್ತರಪತ್ರಿಕೆಯನ್ನು ತಿದ್ದಲು ಯಾರೂ ಇರುವುದಿಲ್ಲ.